ಸೊಸಿಗೆ ತಂದ ಪಾನಾ ಡಬ್ಬಿ

ನನ್ನ ಮಗಳ ಕಿವಿಯಲ್ಲಿ ಅವಳ ಹೆಸರನ್ನು ಮೊದಲು ಹೇಳಿದವರು ನನ್ನ ನಾದಿನಿ, ಅಂದರೆ ನನ್ನ ಗಂಡನ ಅಕ್ಕ. ನಮ್ಮ ಕಡೆ ತೊಟ್ಟಿಲ ಕಾರ್ಯದಲ್ಲಿ ಅದು ಸೋದರತ್ತೆಯ ಹಕ್ಕು. ಕಿತ್ತೂರಿನ ನನ್ನ ತವರುಮನೆಯ ಪಡಸಾಲೆಯಲ್ಲಿ ಅವರು ಕೂಸಿನ ಮೇಲೆ ಬಾಗಿ ಹೆಸರು ಕರೆಯುವಾಗ, ಪದ್ಧತಿಯಂತೆ ಹೆಂಗಸರೆಲ್ಲ ಅವರ ಬೆನ್ನಿಗೆ ಗುದ್ದಿದರು. ಗುದ್ದಿಸಿಕೊಂಡು ತಲೆ ಎತ್ತಿದವರೇ, ಜಾರಿದ ಸೆರಗನ್ನು ಸರಿ ಮಾಡಿಕೊಳ್ಳುತ್ತ, "ಹೆಸರು ನಿಮಗಿರಲಿ. ನನಗ ಮಾತ್ರ ಈಕಿ ಸೊಸಿ" ಎಂದರು. ಎಲ್ಲರೂ ನಕ್ಕರು. ಬಾಣಂತಿಯಾಗಿದ್ದ ನಾನೂ ಕಿವಿಗೆ ಸುತ್ತಿದ ಬಟ್ಟೆಯ ಒಳಗಿಂದ ಅದನ್ನು ಕೇಳಿ ನಕ್ಕೆ.

ಅದರಲ್ಲಿ ತಪ್ಪೇನಿತ್ತು? ತಮ್ಮನ ಮಗಳು ಸೊಸಿಯೇ. ಮಗನ ಹೆಂಡತಿಯೂ ಸೊಸಿಯೇ. ನಮ್ಮ ಭಾಷೆ ಎರಡಕ್ಕೂ ಒಂದೇ ಮಾತು ಇಟ್ಟಿದೆ. ನಾನು ಓದಿದ್ದು ಧಾರವಾಡದ ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿ ಇದ್ದು. ಅಲ್ಲಿ ಸಿಸ್ಟರ್ ಒಬ್ಬರು ಕರಿಹಲಗೆಯ ಮೇಲೆ ಒಂದು ಸಂಸಾರದ ಗಿಡ ಬರೆದು, ಯಾರಿಗೆ ಯಾರು ಏನಾಗಬೇಕು ಎಂದು ಇಂಗ್ಲಿಷಿನಲ್ಲಿ ಕಲಿಸಿದ್ದರು. ಆ ಗಿಡದಲ್ಲಿ ತಮ್ಮನ ಮಗಳು ಒಂದು ಟೊಂಗೆ, ಮಗನ ಹೆಂಡತಿ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಹೆಸರು. ಆ ಗಿಡ ನನ್ನ ತಲೆಯಲ್ಲಿ ಹಾಗೇ ಉಳಿದಿತ್ತು. ಬೈಲಹೊಂಗಲದ ಈ ಮನೆಗೆ ಮದುವೆಯಾಗಿ ಬಂದ ಮೇಲೂ ನಾನು ಆ ಮಾತನ್ನು ಕೇಳಿದ್ದು ಆ ಗಿಡದ ಕೆಳಗೆ ನಿಂತೇ.

ಮಗಳಿಗೆ ಚಿಕ್ಕಂದಿನಿಂದಲೂ ಬಿಚ್ಚುವ ಚಟ. ಮಿಕ್ಸರು ನಿಂತರೆ ನಾನು ಅಂಗಡಿಗೆ ಕಳಿಸುವ ಮೊದಲೇ ಅವಳು ಅದರ ತಳ ಬಿಚ್ಚಿ, ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ರೊಟ್ಟಿಯ ಹಿಟ್ಟು ನಾದುವ ಪರಾತದೊಳಗೆ ಜೋಡಿಸಿ ಇಡುತ್ತಿದ್ದಳು. ಹಿತ್ತಲ ನಳ, ನನ್ನ ಹೊಲಿಗೆ ಮಷೀನು, ಬಾಗಿಲ ಕೀಲಿ, ಯಾವುದನ್ನೂ ಬಿಟ್ಟವಳಲ್ಲ. ನನ್ನ ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು ಶೇಂಗಾ ಸುಲಿಯುತ್ತ ಗೊಣಗುತ್ತಿದ್ದರು.

"ಹೆಣ್ಣಹುಡಿಗಿ ಕೈಯಾಗ ಎಣ್ಣಿ ಮಸಿ ನೋಡು. ಇಂಥಾ ಕೈಲೆ ರೊಟ್ಟಿ ಬಡದ್ರ ಯಾರು ತಿಂತಾರ?"

"ತೊಳಕೊಂಡು ಬಡೀತೇನಿ ಆಯಿ" ಎನ್ನುತ್ತಿದ್ದಳು ಅವಳು, ತಲೆ ಎತ್ತದೆ.

ನನ್ನ ಗಂಡನದು ಹತ್ತಿಯ ದಲಾಲಿ ಅಂಗಡಿ. ಮಗಳ ಈ ಚಟದ ಬಗ್ಗೆ ಅವರಿಗೆ ಸಿಟ್ಟೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಅಂಗಡಿಯಿಂದ ಬಂದು ಕಾಲು ತೊಳೆದು, ಅವಳು ಹರವಿಕೊಂಡ ಸಾಮಾನುಗಳನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದರು.

ಹುರಿದುಂಬಿಸಿದವರು ನನ್ನ ನಾದಿನಿ ಒಬ್ಬರೇ. ಅವರ ಗಂಡ ರಾಮದುರ್ಗದಲ್ಲಿ ಗುತ್ತಿಗೆದಾರರು. ಕಾಲುವೆಯ ಗೋಡೆ, ರಸ್ತೆಯ ಸಣ್ಣ ಸೇತುವೆ, ಕಂಪೌಂಡು ಇಂಥ ಕೆಲಸ ಹಿಡಿಯುತ್ತಾರೆ. ಒಬ್ಬನೇ ಮಗ, ಕಾಲೇಜು ಅರ್ಧಕ್ಕೆ ಬಿಟ್ಟು ಅಪ್ಪನ ಜೊತೆ ಓಡಾಡುತ್ತಾನೆ. ನಾದಿನಿ ಬೆಳಿಗ್ಗೆ ನಾನು ಒಗ್ಗರಣೆಗೆ ಇಡುವ ಹೊತ್ತಿಗೆ ಸರಿಯಾಗಿ ಫೋನು ಮಾಡಿ ಎಲ್ಲ ಬೀಗರ ಮನೆಯ ಸುದ್ದಿ ಹೇಳುತ್ತಿದ್ದರು. ಮುನವಳ್ಳಿಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಬಂತು, ದೊಡವಾಡದಲ್ಲಿ ಯಾರ ಎಮ್ಮೆ ಕರು ಹಾಕಿತು, ಯಾರ ಮಗಳು ತವರಿಗೆ ಬಂದವಳು ತಿರುಗಿ ಹೋಗಿಲ್ಲ. ಕೊನೆಗೆ ತಪ್ಪದೆ ಒಂದು ಪ್ರಶ್ನೆ: "ನಮ್ಮ ಸೊಸಿ ಏನ್ ಬಿಚ್ಚ್ಯಾಳ ಇವತ್ತು?"

ಮಗಳು ಹೈಸ್ಕೂಲಿಗೆ ಹೋಗುತ್ತಿದ್ದಾಗಿನ ಒಂದು ದೀಪಾವಳಿಗೆ ಅವರು ಬಂದವರು ಚೀಲದಿಂದ ಒಂದು ಕೆಂಪು ಕಬ್ಬಿಣದ ಡಬ್ಬಿ ತೆಗೆದು ಅವಳ ತೊಡೆಯ ಮೇಲಿಟ್ಟರು. ಒಳಗೆ ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಮಲಗಿಸಿದ ಪಾನಾಗಳು. ನಟ್ಟು ಬಿಚ್ಚುವ ಪಾನಾ, ಹೊಚ್ಚ ಹೊಸವು, ಎಣ್ಣೆ ಕಾಗದದ ವಾಸನೆ ಇನ್ನೂ ಹೋಗಿರಲಿಲ್ಲ.

"ಎಲ್ಲಾರ ಅತ್ತಿ ಕುಬಸದ ಖಣ ತರತಾರ. ನಾ ಪಾನಾ ತಂದೇನಿ. ನನ್ನ ಸೊಸಿ ಇಂಜಿನೇರ್ ಆಗಾಕಿ" ಎಂದರು.

ಮಗಳು ಅವರ ಕೊರಳಿಗೆ ಜೋತುಬಿದ್ದಳು. "ಅತ್ತಿ, ನೀ ಭಾಳ ಚಲೋ ಅದಿ!" ಈ ಮನೆಯಲ್ಲಿ ಅಂಥ ಮಾತು ಯಾರೂ ಆಡಿರಲಿಲ್ಲ. ಆ ದಿನ ಅವರಿಗೆ ಬಡಿಸುವಾಗ ಹೋಳಿಗೆಯ ಮೇಲೆ ತುಪ್ಪ ಕೊಂಚ ಜಾಸ್ತಿಯೇ ಬಿಟ್ಟೆ.

ಮರುವರ್ಷದ ಮಳೆಗಾಲದಲ್ಲಿ ಅವರೇ ತಮ್ಮ ಗಾಡಿ ಕಳಿಸಿ ನಮ್ಮಿಬ್ಬರನ್ನೂ ನವಿಲುತೀರ್ಥದ ಅಣೆಕಟ್ಟು ನೋಡಲು ಕರೆದುಕೊಂಡು ಹೋದರು. ಮಲಪ್ರಭೆ ತುಂಬಿ, ಗೇಟು ಎತ್ತಿದ್ದರು. ಮಂದಿಯೆಲ್ಲ ನೀರು ನೋಡುತ್ತಿದ್ದರೆ ಮಗಳು ನೀರಿಗೆ ಬೆನ್ನು ಹಾಕಿ ಮೇಲೆ ನೋಡುತ್ತಿದ್ದಳು. "ಮಮ್ಮಿ, ಇಷ್ಟು ದೊಡ್ಡ ಬಾಗಿಲಾನ ಅಷ್ಟು ಸಣ್ಣ ಮೋಟರ್ ಹ್ಯಾಂಗ ಎತ್ತತೈತಿ?" ನನಗೆ ಏನು ಗೊತ್ತು? ನನ್ನ ಮುಖಕ್ಕೆ ತುಂತುರು ಸಿಡಿಯುತ್ತಿತ್ತು, ಅದನ್ನೇ ಒರೆಸಿಕೊಳ್ಳುತ್ತ ನಿಂತೆ.

ಉತ್ತರವನ್ನು ಅವಳೇ ಹುಡುಕಿಕೊಂಡಳು. ನಮ್ಮ ಪಡಸಾಲೆಯ ಜಂತಿಯಲ್ಲಿ ತೊಟ್ಟಿಲು ಕಟ್ಟುವ ಕೊಂಡಿಗಳಿವೆ. ಒಂದು ರವಿವಾರ ಅವಕ್ಕೆ ಬಾವಿಯ ನೀರು ಸೇದುವ ಹಳೆಯ ಗಡಗಡಿಗಳನ್ನು ಕಟ್ಟಿ, ಹಗ್ಗವನ್ನು ಮೇಲೆ ಕೆಳಗೆ ಸುತ್ತಾಡಿಸಿ, ತುದಿಗೆ ಒಳಕಲ್ಲಿನ ಗುಂಡನ್ನು ಬಿಗಿದಳು. ಆ ಗುಂಡನ್ನು ಎತ್ತಲು ನನಗೆ ಎರಡೂ ಕೈ ಬೇಕು, ಆಮೇಲೆ ಸೊಂಟಕ್ಕೆ ಎಣ್ಣೆಯೂ ಬೇಕು. "ಮಮ್ಮಿ, ಒಂದ ಕೈಲೆ ಜಗ್ಗು" ಎಂದಳು. ಜಗ್ಗಿದೆ. ಗುಂಡು ನೆಲ ಬಿಟ್ಟಿತು. ಕೊಡದಷ್ಟೂ ಭಾರವಿಲ್ಲ. ನಾನು ಹಗ್ಗ ಬಿಡಲೊಲ್ಲದೆ ಹಾಗೇ ನಿಂತುಬಿಟ್ಟೆ. ಮದುವೆಯಾಗಿ ಬಂದ ದಿನದಿಂದ ನನ್ನ ಸೊಂಟ ಮುರಿದ ಗುಂಡು ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತಿತ್ತು. ಅತ್ತೆ ಮಾತ್ರ, "ತೊಟ್ಟಿಲ ಕಟ್ಟೂ ಕೊಂಡಿಗೆ ಕಲ್ಲು ಕಟ್ಟ್ಯಾಳ, ಅಪಶಕುನ" ಎಂದು ಒಳಗೆ ಎದ್ದು ಹೋದರು.

ನಾನು ಸಣ್ಣ ಸಣ್ಣದನ್ನು ನೋಡುವವಳು. ಅದು ನನ್ನ ಸ್ವಭಾವ. ಅಣೆಕಟ್ಟಿನಿಂದ ಬರುವಾಗ ಸವದತ್ತಿಯ ಬಳೆಗಾರರ ಅಂಗಡಿಯಲ್ಲಿ ನಾದಿನಿ ಮಗಳ ಕೈ ಹಿಡಿದು, ಮುಂಗೈ ಗೆಣ್ಣು ಒತ್ತಿ ಒತ್ತಿ ನೋಡಿ ಬಳೆಯ ಅಳತೆ ಕೇಳಿಕೊಂಡಿದ್ದನ್ನು ನಾನು ನೋಡಿದ್ದೆ. ಅವಳನ್ನು ತಮ್ಮ ಮಗನ ಪಕ್ಕ ನಿಲ್ಲಿಸಿ, "ಹೆಗಲಿಗೆ ಬಂದ್ಲು ನೋಡು" ಎಂದದ್ದನ್ನು ಕೇಳಿದ್ದೆ. ಆ ಹುಡುಗ ಅವಳನ್ನು "ಇಂಜಿನೇರ್ ಮೇಡಂ" ಎಂದು ಕರೆದು ಮುಖ ಕೆಂಪಗೆ ಮಾಡಿಕೊಂಡದ್ದೂ ಕಂಡಿತ್ತು. ಎಲ್ಲವೂ ಕಣ್ಣಿಗೆ ಬಿದ್ದಿತ್ತು. ಒಂದನ್ನೂ ಇನ್ನೊಂದರ ಪಕ್ಕ ಇಟ್ಟು ನೋಡಲಿಲ್ಲ. ಪ್ರೀತಿಯ ಸೋದರತ್ತೆ ಅಂದುಕೊಂಡೆ.

ಪಿಯುಸಿ ಮುಗಿದಾಗ ನನ್ನ ಗಂಡ, "ಇಲ್ಲೇ ಬಿ.ಕಾಂ. ಓದಲಿ. ದಿನಾ ಮನಿಗೆ ಬರತಾಳ" ಎಂದರು. ನಾನು ಬೇಡಿಕೊಂಡೆ. ಊಟಕ್ಕೆ ಬಡಿಸುವಾಗ, ಅಂಗಿಗೆ ಇಸ್ತ್ರಿ ಹಾಕುವಾಗ, ಅವರು ಸಮಾಧಾನದಲ್ಲಿದ್ದಾಗಲೆಲ್ಲ ಮೆಲ್ಲಗೆ ಹೇಳಿ ನೋಡಿದೆ. "ನೋಡೂಣು" ಎನ್ನುತ್ತಿದ್ದರು. ಈ ಮನೆಯಲ್ಲಿ 'ನೋಡೂಣು' ಎಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಮಾತು ಮುಗಿಯಿತು ಎಂದು ಅರ್ಥ. ಆಮೇಲೆ ಅವರ ಅಕ್ಕನ ಫೋನು ಬಂತು. ಅಂಗಳದಲ್ಲಿ ಅಡ್ಡಾಡುತ್ತ ಮಾತಾಡಿ ಒಳಗೆ ಬಂದವರು, "ಆತು, ಇಂಜಿನಿಯರಿಂಗ್ ಮಾಡಲಿ" ಎಂದುಬಿಟ್ಟರು. ಮಗಳು ಕುಣಿದಳು. ನಾನು ದೇವರ ಜಗುಲಿಗೆ ದೀಪ ಹಚ್ಚಿ, ರಾಮದುರ್ಗದ ಕಡೆ ಮನಸ್ಸಿನಲ್ಲೇ ಕೈ ಮುಗಿದೆ.

ಆ ಬೇಸಿಗೆಯೆಲ್ಲ ನಾದಿನಿಯ ಫೋನಿನಲ್ಲಿ ಒಂದೇ ಮಾತು. "ಸಿವಿಲ್ ತಗೋ ಅಂತ ಹೇಳು ತಂಗಿ. ಹೆಣ್ಣಮಕ್ಕಳಿಗೆ ಅದ ಚಲೋ." ಮಗಳು ನಗುತ್ತಿದ್ದಳು. "ನನಗ ಗೋಡಿ ಬ್ಯಾಡ ಮಮ್ಮಿ. ಗೇಟ್ ಬೇಕು. ಎತ್ತೂದು ಇಳಿಸೂದು ಬೇಕು." ಸೋದರತ್ತೆಯ ಮನಸ್ಸು ನೋಯಬಾರದೆಂದು ಅವಳು ಆ ಮಾತನ್ನು ಫೋನಿನಲ್ಲಿ ಹೇಳಲಿಲ್ಲ. ಆಯ್ಕೆ ಮಾಡುವಾಗ ಮಾತ್ರ ಮೆಕ್ಯಾನಿಕಲ್ ಅನ್ನೇ ಮೊದಲಿಗೆ ಹಾಕಿದಳು. ಬೆಳಗಾವಿಯಲ್ಲಿ ಸೀಟು ಸಿಕ್ಕಿತು. ಸಿಕ್ಕ ಸುದ್ದಿಯನ್ನು ನನ್ನ ಗಂಡ ಅಕ್ಕನಿಗೆ ತಿಳಿಸಿದರು, ಯಾವುದರಲ್ಲಿ ಎಂದು ಹೇಳಲಿಲ್ಲ. ಅವರಿಗೆ ಅದೆಲ್ಲ ಒಂದೇ.

ಮರುದಿನ ಮುಂಜಾನೆಯೇ ರಾಮದುರ್ಗದ ಗಾಡಿ ಬಾಗಿಲಿಗೆ ಬಂತು. ನಾದಿನಿ ಒಬ್ಬರೇ ಇಳಿದರು. ರೇಷ್ಮೆ ಸೀರೆ ಉಟ್ಟಿದ್ದರು, ಅದು ನನ್ನ ಕಣ್ಣಿಗೆ ಬಿತ್ತು. ಕೈಯಲ್ಲಿ ಪೇಢೆಯ ದೊಡ್ಡ ಡಬ್ಬಿ. ಒಂದು ಪೇಢೆ ಮುರಿದು ಮಗಳ ಬಾಯಿಗೆ ಇಡುತ್ತ, "ನಮ್ಮ ಸಿವಿಲ್ ಇಂಜಿನೇರ್" ಎಂದರು.

"ಸಿವಿಲ್ ಅಲ್ಲ ಅತ್ತಿ, ಮೆಕ್ಯಾನಿಕಲ್" ಎಂದಳು ಅವಳು ಪೇಢೆ ಅಗಿಯುತ್ತ.

ನಾದಿನಿಯ ಕೈ ಅಲ್ಲೇ ನಿಂತಿತು. ಉಳಿದ ಅರ್ಧ ಪೇಢೆ ಬೆರಳುಗಳ ನಡುವೆ ಪುಡಿಯಾಗಿ ಸೀರೆಯ ಮೇಲೆ ಉದುರಿತು.

"ಅಂದ್ರ? ಸಿವಿಲ್ ಅಂದಿದ್ದೆನಲ್ಲ?"

"ನನಗ ಮಷೀನ್ ಅಂದ್ರ ಸೇರತೈತಿ. ನೀನ ಅಲ್ಲೇನು ಪಾನಾ ಕೊಟ್ಟಾಕಿ?"

"ಪಾನಾ ಕೊಟ್ಟೆ ಅಂತ ಗ್ಯಾರೇಜ್‌ನಾಗ ಕುಂದ್ರತಿಯೇನು? ನಮ್ಮ ಮನಿಗೆ ಸಿವಿಲ್ ಬೇಕಾಗೇತಿ. ಪ್ಲ್ಯಾನಿಗೆ ಒಂದು ಸಹಿ ಬೇಕಂದ್ರ ನಿಮ್ಮ ಮಾವ ಮಂದಿ ಬಾಗಲಾ ಕಾಯತಾರ. ಮನ್ಯಾಗ ಒಬ್ಬಾಕಿ ಇಂಜಿನೇರ್ ಇದ್ರ ಆ ಗೋಳು ತಪ್ಪತೈತಿ ಅಂತ ಎಷ್ಟು ವರ್ಷದಿಂದ ಹಾದಿ ನೋಡೀವಿ!"

ಮಗಳು ಇನ್ನೂ ನಗುತ್ತಲೇ ಇದ್ದಳು. "ನಾ ಇರೂದು ಬೈಲಹೊಂಗಲದಾಗ. ನಿಮ್ಮ ಮನ್ಯಾಗ ಹ್ಯಾಂಗ ಇರತೇನಿ ಅತ್ತಿ?"

"ಇಲ್ಲೇ ಇರಾಕ ಹುಟ್ಟೀಯೇನು? ತೊಟ್ಟಲದಾಗ ಇದ್ದಾಗಿಂದ ಸೊಸಿ ಸೊಸಿ ಅಂತ ಕರಿಯಾಕತ್ತೇನಿ. ಸುಮ್ಮನ ಕರದೇನೇನು?"

ಕಂಬದ ಬಳಿ ಶೇಂಗಾ ಒಡೆಯುತ್ತಿದ್ದ ನನ್ನ ಅತ್ತೆ ತಲೆ ಎತ್ತದೆಯೇ, "ಅದರಾಗ ಹೊಸಾದು ಏನೈತಿ? ಇಡೀ ಬೀಗರಿಗೆ ಗೊತ್ತಿದ್ದ ಮಾತು" ಎಂದರು.

ನಾನು ಗಂಡನ ಮುಖ ನೋಡಿದೆ. ಅವರು ಅಂಗಡಿಗೆ ಹೊರಟು ನಿಂತಿದ್ದರು. ಹಾಕಿಕೊಂಡ ಚಪ್ಪಲಿಯನ್ನು ಬಿಚ್ಚಿ, ಇನ್ನೊಮ್ಮೆ ಹಾಕಿಕೊಂಡರು. ಅಷ್ಟರಲ್ಲೇ ನನಗೆ ತಿಳಿಯಿತು.

"ಇನ್ನ ಒಂದು ಸುತ್ತು ಸೀಟು ಕೊಡತಾರಂತ" ಎಂದು ನಾದಿನಿ ದನಿ ತಗ್ಗಿಸಿದರು, ಈ ಸಲ ನನಗೆ. "ಬದಲೀ ಮಾಡಿಸು ತಂಗಿ. ಕಾಲೇಜ್ ಚಾಲೂ ಆಗೂದ್ರಾಗ ಮನ್ಯಾಗಿನ ಮಂದಿ ಅಷ್ಟ ಕೂಡಿ ಒಂದು ಉಡಿ ತುಂಬಿ ಲಗ್ನದ ಮಾತು ಗಟ್ಟಿ ಮಾಡಿಬಿಡೂಣು. ಆಮ್ಯಾಲೆ ಎಷ್ಟರ ಓದಲಿ, ಯಾರು ಬ್ಯಾಡ ಅಂತಾರ?"

ನನ್ನ ಬಾಯಿಂದ ಬಂದದ್ದು ಇಷ್ಟೇ: "ಆಕಿನ್ನ ಕೇಳಬೇಕಲ್ಲರಿ ಅಕ್ಕಾರ."

"ಕೇಳೂದು ಏನೈತಿ? ಪರಕೀ ಮನಿ ಏನು ನಮ್ಮದು?"

ಮಗಳು ಬಾಯೊಳಗಿನ ಪೇಢೆಯನ್ನು ನುಂಗಿದಳು. ಅದನ್ನು ನುಂಗಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತೆಂದು ನಾನು ನೋಡಿದ್ದೇನೆ. ಆಮೇಲೆ ಒಳಗೆ ಹೋಗಿ ಆ ಕೆಂಪು ಡಬ್ಬಿಯನ್ನು ತಂದು ನಾದಿನಿಯ ಕಾಲ ಬಳಿ ಇಟ್ಟಳು.

"ಇದನ್ನ ನೀವು ನಿಮ್ಮ ಸೊಸಿಗೆ ತಂದಿದ್ರಿ. ಆಕಿ ಬಂದ ಮ್ಯಾಲೆ ಆಕಿಗೆ ಕೊಡ್ರಿ, ಅತ್ತ್ಯಾರ."

ಅಲ್ಲಿಯವರೆಗೆ ಅವಳು 'ನೀ' ಎಂದೇ ಮಾತಾಡಿಸುತ್ತಿದ್ದಳು. ಅಪ್ಪನ ಅಕ್ಕನಿಗೆ 'ನೀ' ಎನ್ನುತ್ತಾರೆ. ಗಂಡನ ತಾಯಿಗೆ ಯಾರೂ ಹಾಗೆ ಅನ್ನುವುದಿಲ್ಲ. 'ರಿ' ಹಚ್ಚಿ ಅವಳು ಕೊಟ್ಟ ಮರ್ಯಾದೆ ನನ್ನ ನಾದಿನಿಗೆ ಕೆನ್ನೆಗೆ ಹೊಡೆದಂತೆ ಆಯಿತು. ಅವರು ಚಹಾ ಕುಡಿಯದೆ ಎದ್ದರು. ಡಬ್ಬಿಯನ್ನು ಮುಟ್ಟಲಿಲ್ಲ. ಗಾಡಿ ಹತ್ತುವಾಗ ತಮ್ಮನಿಗೆ, "ಹೆಣ್ಣಿಗೆ ಸದರ ಕೊಟ್ಟೀರಿ" ಎಂದರು. ಸದರ ಕೊಟ್ಟವರಲ್ಲಿ ತಾವೇ ಮೊದಲಿಗರೆಂದು ಅವರಿಗೆ ನೆನಪಾಗಲಿಲ್ಲ.

ಅವರು ಹೋದ ಮೇಲೆ ಅಡಿಗೆಮನೆಯಲ್ಲಿ ನಾನು ಗಂಡನನ್ನು ಕೇಳಿದೆ. ಜಗಳ ಆಡಲು ನನಗೆ ಬರುವುದಿಲ್ಲ, ಕಾನ್ವೆಂಟಿನಲ್ಲಿ ದನಿ ಎತ್ತುವುದನ್ನು ಕಲಿಸಿರಲಿಲ್ಲ. "ನಿಮಗ ಗೊತ್ತಿತ್ತಲ್ಲ. ನನಗ ಯಾಕ ಹೇಳಲಿಲ್ಲ?"

"ಹೇಳೂದೇನು ಅದರಾಗ? ದಿನಾ ಫೋನಿನ್ಯಾಗ ಅಕ್ಕ ಹೇಳತಿದ್ಲಲ್ಲ. ನೀ ಕೇಳತಿದ್ದಿ."

"ನಾ ಕೇಳಿದ್ದು ಬ್ಯಾರೆ."

"ಅದಕ್ಕ ನಾ ಏನ್ ಮಾಡ್ಲಿ?" ಎಂದರು. ನೀರಿನ ತಂಬಿಗೆಯನ್ನು ಕೆಳಗಿಟ್ಟು, "ಒಂದು ಖರೇ ಮಾತು ಹೇಳಲೇನು? ಅಕ್ಕ ಹೇಳಲಿಲ್ಲಂದ್ರ ನಾ ಇಂಜಿನಿಯರಿಂಗಿಗೆ ಒಪ್ಪತಿದ್ದಿಲ್ಲ. ಅಕಿ ಮನಿಗೆ ಹೋಗಾಕಿ, ಅಕಿ ಹೇಳಿದ್ದು ಓದಲಿ ಅಂತ ಒಪ್ಪಿದೆ" ಎಂದರು.

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನಾನು ಹೆತ್ತ ತಾಯಿ, ಬಡಿಸುವಾಗ ಹೇಳಿದೆ, ಇಸ್ತ್ರಿ ಹಾಕುವಾಗ ಹೇಳಿದೆ; ಅದಕ್ಕೆಲ್ಲ ಒಂದು 'ನೋಡೂಣು'. ಅಲ್ಲಿ ಒಬ್ಬರು ತಮ್ಮ ಮನೆಯ ನಕ್ಷೆಗೆ ಸಹಿ ಬೇಕೆಂದು ಹೇಳಿದ್ದಕ್ಕೆ ನನ್ನ ಮಗಳ ಹಾದಿ ತೆರೆಯಿತು. ನಾದಿನಿ ಸುಳ್ಳು ಹೇಳಿದರು ಎನ್ನಲೂ ಬರುವುದಿಲ್ಲ. ತಮ್ಮ ಮಾತನ್ನು ಅವರು ಒಂದು ದಿನವೂ ಮುಚ್ಚಿಡಲಿಲ್ಲ, ಗಂಟಲು ಬಿಚ್ಚಿಯೇ ಹೇಳಿದರು. ಅದಕ್ಕೇ ನನ್ನ ಸಿಟ್ಟಿಗೆ ಕೂರಲು ಜಾಗ ಸಿಗದೆ ಅದು ಮನೆಯ ತುಂಬ ಅಡ್ಡಾಡುತ್ತದೆ.

ಆ ಸಂಜೆ ಮಗಳು ಹಿತ್ತಲ ಕಟ್ಟೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಹೋಗಿ ಕುಳಿತೆ. ಅವಳು ನನ್ನ ಕಡೆ ತಿರುಗಲಿಲ್ಲ.

"ನಿನಗೂ ಗೊತ್ತಿತ್ತೇನು ಮಮ್ಮಿ?"

"ಇಲ್ಲ ಯವ್ವಾ. ನಿನ್ನಾಣಿ ಇಲ್ಲ."

"ಎಲ್ಲಾರಿಗೂ ಗೊತ್ತಿತ್ತಂತ. ಆಯಿಗೆ ಸುದ್ದ."

"ನನಗ ಗೊತ್ತಿದ್ದಿಲ್ಲ."

"ಹೂಂ" ಎಂದಳು. ನಂಬಿದವರ 'ಹೂಂ' ಹೇಗಿರುತ್ತದೆಂದು ತಾಯಿಗೆ ಗೊತ್ತಿರುತ್ತದೆ. ಇದು ಅದಾಗಿರಲಿಲ್ಲ.

ಅವಳು ಸೀಟು ಬದಲಿಸಲಿಲ್ಲ. ಉಡಿ ತುಂಬುವುದಕ್ಕೂ ಒಪ್ಪಲಿಲ್ಲ. "ಮೆಕ್ಯಾನಿಕಲ್ ಇಲ್ಲಂದ್ರ ಬಿ.ಕಾಂ. ಮಾಡತೇನಿ. ಸಿವಿಲ್ ಮಾಡಾಂಗಿಲ್ಲ" ಎಂದು ಅಪ್ಪನಿಗೆ ಒಂದೇ ಸಲ ಹೇಳಿ ಸುಮ್ಮನಾದಳು. ನನ್ನ ಗಂಡನಿಗೆ ಆಗಲೇ ಅಂಗಡಿಯ ಸಾಲಿನವರೆಲ್ಲ ಮಗಳ ಸೀಟಿಗೆ ಶಾಬಾಸ್ ಎಂದಿದ್ದರು. ಈಗ ಹೋಗಲಿಲ್ಲವೆಂದರೆ ಅವರ ಮುಂದೆ ತಲೆ ತಗ್ಗಿಸಬೇಕು. ಅದಕ್ಕೋ, ಮಗಳ ಮೇಲಿನ ಅಂತಃಕರಣಕ್ಕೋ, ನಾನು ಕೇಳಿಲ್ಲ. ಕಾಲೇಜು ಸೇರುವ ಕೊನೆಯ ದಿನ ಅವರೇ ಅವಳ ಹಾಸಿಗೆ ಸುರುಳಿ ಹೊತ್ತು ಬೆಳಗಾವಿಯ ಬಸ್ಸು ಹತ್ತಿಸಿಕೊಂಡು ಹೋದರು.

ನಾನು ಗೆದ್ದೆವೆಂದು ತಿಳಿದಿದ್ದೆ. ಅವರು ತಿರುಗಿ ಬಂದ ದಿನ ಅಂಗಳದಲ್ಲಿ ಅಡ್ಡಾಡುತ್ತ ಫೋನಿನಲ್ಲಿ ಹೇಳುತ್ತಿದ್ದದ್ದು ಕಿಟಕಿಯಲ್ಲಿ ಕೇಳಿಸಿತು: "ಓದು ಮುಗೀಲಿ ಅಕ್ಕ. ಸಿಟ್ಟು ಮಾಡಕೋಬ್ಯಾಡ. ಆಮ್ಯಾಲೆ ನೋಡೂಣು."

ಅದೇ 'ನೋಡೂಣು'. ನನಗೆ ಹೇಳಿದರೆ ಮಾತು ಮುಗಿಯಿತೆಂದು ಅರ್ಥ. ಅಕ್ಕನಿಗೆ ಹೇಳಿದರೆ ಮಾತು ಇನ್ನೂ ಇದೆ ಎಂದು. ಇದೊಂದು ಮಾತನ್ನು ಈಗ ನಾನು ಎರಡೂ ಕಿವಿಯಿಂದ ಕೇಳುತ್ತೇನೆ.

ಮಗಳು ಈಗ ಎರಡನೆಯ ವರ್ಷದಲ್ಲಿದ್ದಾಳೆ. ಚೆನ್ನಾಗಿಯೇ ಓದುತ್ತಾಳೆಂದು ಅವಳ ಗೆಳತಿಯ ಬಾಯಿಂದ ಕೇಳಿದ್ದೇನೆ. ನನಗೆ ಫೋನು ಮಾಡಿದಾಗ ಹಾಸ್ಟೆಲಿನ ಸಾರು ಹೇಗಿದೆ, ಬಟ್ಟೆ ಒಣಗಿದವೋ ಇಲ್ಲವೋ, ಅಷ್ಟೇ ಹೇಳುತ್ತಾಳೆ. ಒಂದು ದಿನ ತಡೆಯಲಾರದೆ, "ಇವತ್ತು ಏನ್ ಕಲಿಸಿದ್ರವ್ವಾ?" ಎಂದು ಕೇಳಿದೆ. ಮೊದಲಾಗಿದ್ದರೆ ನನಗೆ ತಿಳಿಯಲಿ ಬಿಡಲಿ, ಒಗ್ಗರಣೆ ಸೀಯುವವರೆಗೆ ಹೇಳುತ್ತಿದ್ದಳು. ಈಗ ಆ ಕಡೆಯಿಂದ ಒಂದೇ ಶಬ್ದ ಬಂತು.

"ಯಾಕ?"

ಯಾಕ ಎಂದರೆ ಯಾರಿಗೆ ಬೇಕಾಗಿದೆ, ಯಾತಕ್ಕೆ ಬೇಕಾಗಿದೆ ಎಂದು. ತನ್ನ ಓದಿನ ಬಗ್ಗೆ ಪ್ರೀತಿಯಿಂದ ಕೇಳುವವರನ್ನೆಲ್ಲ ಅವಳು ಈಗ ಹೀಗೆ ಸೋಸಿ ನೋಡುತ್ತಾಳೆ. ನಾದಿನಿ ಕಿತ್ತುಕೊಂಡದ್ದು ಅದನ್ನು. ಸೀಟು ಉಳಿಯಿತು, ಆ ಹೇಳುವ ಹುರುಪು ಹೋಯಿತು.

ಕೆಂಪು ಡಬ್ಬಿ ಇನ್ನೂ ಪಡಸಾಲೆಯ ಮೂಲೆಯಲ್ಲೇ ಇದೆ. ಅವರು ಒಯ್ಯಲಿಲ್ಲ, ಇವಳು ಮುಟ್ಟುವುದಿಲ್ಲ. ಅತ್ತೆ ಅದರ ಮೇಲೆ ಶೇಂಗಾದ ಬುಟ್ಟಿ ಇಡುತ್ತಾರೆ. ಒಳಕಲ್ಲಿನ ಗುಂಡನ್ನು ನಾನು ಮತ್ತೆ ಎರಡೂ ಕೈಯಿಂದ ಎತ್ತುತ್ತೇನೆ.

ನಾದಿನಿ ಕೆಲವು ತಿಂಗಳು ಮಾತು ಬಿಟ್ಟಿದ್ದರು. ಈಗ ಮತ್ತೆ ಬೆಳಿಗ್ಗೆ ಒಗ್ಗರಣೆಯ ಹೊತ್ತಿಗೆ ಫೋನು ಬರುತ್ತದೆ. ಓದು ಮುಗಿಯುವುದನ್ನು ಕಾಯುತ್ತಿದ್ದಾರೆ. ತೊರಗಲ್ಲಿನ ಬೀಗರ ಮನೆಯ ಗೃಹಪ್ರವೇಶ, ಮುನವಳ್ಳಿಯವರ ಕಣ್ಣಿನ ಆಪರೇಶನ್, ಎಲ್ಲ ಸುದ್ದಿ ಮುಗಿದ ಮೇಲೆ, ಏನೂ ಆಗೇ ಇಲ್ಲವೆಂಬಂತೆ, "ಮತ್ತ, ನಮ್ಮ ಸೊಸಿ ಹ್ಯಾಂಗದಾಳ?" ಎನ್ನುತ್ತಾರೆ.

ನಾನು ಒಲೆಯ ಉರಿ ಸಣ್ಣ ಮಾಡುತ್ತೇನೆ. ನನ್ನ ದನಿ ಏರುವುದಿಲ್ಲ.

"ನಿಮ್ಮ ತಮ್ಮನ ಮಗಳು ಆರಾಮ ಅದಾಳ್ರಿ, ಅಕ್ಕಾರ."

ಅವರು, "ಆತು, ಇಡತೇನಿ" ಎನ್ನುತ್ತಾರೆ. ನಾಳೆ ಮತ್ತೆ ಕೇಳುತ್ತಾರೆ. ನಾನೂ ನಾಳೆ ಅದನ್ನೇ ಹೇಳುತ್ತೇನೆ.